ಡಿಮೆನ್ಷಿಯಾ ಇರುವವರ ಬದುಕಿನ ಗುಣಮಟ್ಟ

ನೆನಪು, ವಿವೇಚನೆ, ಮಾತು ಮತ್ತು ನಿತ್ಯದ ಕೆಲಸಗಳನ್ನು ಮಾಡಿಕೊಳ್ಳುವ ಶಕ್ತಿ ಬರಬರುತ್ತ ಕುಂದುವ ಸ್ಥಿತಿಯೇ ಡಿಮೆನ್ಷಿಯಾ. ಕನ್ನಡದಲ್ಲಿ ಇದನ್ನು ಮರೆಗುಳಿ ಕಾಯಿಲೆ ಎನ್ನುವುದೂ ಉಂಟು. ಆಲ್‌ಝೈಮರ್ ಕಾಯಿಲೆ ಇದಕ್ಕೆ ಅತಿ ಸಾಮಾನ್ಯ ಕಾರಣ. ಮಿದುಳಿನ ರಕ್ತನಾಳಗಳಿಗೆ ಆಗುವ ಹಾನಿಯೂ ಕಾರಣವಾಗಬಹುದು. ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಎಂಬುದು 2023ರಲ್ಲಿ ಪ್ರಕಟವಾದ ಅಂದಾಜು. ಇದರ ಬಹುತೇಕ ಬಗೆಗಳು ವಾಸಿಯಾಗುವಂಥವಲ್ಲ. ಹಾಗಾಗಿ ರೋಗಿಯ ದಿನಗಳು ನೆಮ್ಮದಿಯಿಂದ ಕಳೆಯುತ್ತಿವೆಯೇ ಎಂಬುದು ಔಷಧದಷ್ಟೇ ಮುಖ್ಯವಾದ ಪ್ರಶ್ನೆ.

ಈ ಪ್ರಶ್ನೆಯನ್ನು ಗಟ್ಟಿಯಾಗಿ ಎತ್ತಿದವರಲ್ಲಿ ಬ್ರಿಟನ್ನಿನ ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದ ಟಾಮ್ ಕಿಟ್‌ವುಡ್ ಪ್ರಮುಖರು. ಮಿದುಳು ಸವೆದರೂ ವ್ಯಕ್ತಿ ವ್ಯಕ್ತಿಯಾಗಿಯೇ ಉಳಿಯುತ್ತಾರೆ ಎಂಬುದು 1997ರ ಅವರ ಪುಸ್ತಕದ ತಿರುಳು. ಎದುರಿಗೇ ಕೂತವರನ್ನು ಲೆಕ್ಕಿಸದೆ ಅವರ ಬಗ್ಗೆ ಮಾತನಾಡುವುದು, ಮಗುವಿನಂತೆ ಗದರುವುದು, ಸುಳ್ಳು ಹೇಳಿ ಸಾಗಹಾಕುವುದು, ಅವಸರಪಡಿಸುವುದು: ಕಾಯಿಲೆಯ ಜೊತೆಗೆ ಇವೂ ರೋಗಿಯನ್ನು ಕುಗ್ಗಿಸುತ್ತವೆ ಎಂದು ಅವರು ತೋರಿಸಿಕೊಟ್ಟರು. ಯಾರೂ ಕೇಡು ಬಯಸಿ ಹೀಗೆ ಮಾಡುವುದಿಲ್ಲ; ಆದರೂ ಏಟು ಬೀಳುವುದು ರೋಗಿಗೇ.

ಗುಣಮಟ್ಟವನ್ನು ಅಳೆಯಲು ಹಲವು ಪ್ರಶ್ನಾವಳಿಗಳಿವೆ. ಅಮೆರಿಕದ ರೆಬೆಕಾ ಲಾಗ್ಸ್‌ಡನ್ ಮತ್ತು ಸಂಗಡಿಗರು ರೂಪಿಸಿದ ಕ್ಯೂಒಎಲ್-ಎಡಿ ಹೆಚ್ಚು ಬಳಕೆಯಲ್ಲಿದೆ. ಆರೋಗ್ಯ, ಮನಃಸ್ಥಿತಿ, ಕುಟುಂಬ, ಸ್ನೇಹಿತರು, ಹಣಕಾಸು ಮುಂತಾದ 13 ವಿಷಯಗಳಿಗೆ ತಲಾ 1ರಿಂದ 4 ಅಂಕ. ರೋಗಿಯನ್ನೂ ಆರೈಕೆ ಮಾಡುವವರನ್ನೂ ಬೇರೆ ಬೇರೆಯಾಗಿ ಕೇಳುತ್ತಾರೆ. ಸಾಮಾನ್ಯವಾಗಿ ರೋಗಿಗಳು ತಮ್ಮ ಬದುಕಿಗೆ ಕೊಡುವ ಅಂಕಕ್ಕಿಂತ ಮನೆಯವರು ಕೊಡುವ ಅಂಕ ಕಡಿಮೆ. ನೋಡಿಕೊಳ್ಳುವವರ ದಣಿವು, ಸಂಕಟ ಆ ಅಂಕದಲ್ಲಿ ಬೆರೆತಿರುತ್ತವೆ. ಇನ್ನೂ ಗಮನಾರ್ಹವಾದದ್ದು, ಮರೆವಿನ ತೀವ್ರತೆಗಿಂತ ಖಿನ್ನತೆಯೇ ಬದುಕಿನ ಗುಣಮಟ್ಟವನ್ನು ಹೆಚ್ಚು ತಗ್ಗಿಸುತ್ತದೆ ಎಂಬ ಅಂಶ. ಖಿನ್ನತೆಯನ್ನು ಗುರುತಿಸಿ ನೆರವು ನೀಡಲು ಸಾಧ್ಯವಿದೆ. ಮಾತು ನಿಂತವರಲ್ಲಿ ಮುಖಭಾವ, ನಿದ್ದೆ, ಊಟದ ಆಸಕ್ತಿಗಳನ್ನು ಗಮನಿಸಿ ಅಂದಾಜು ಮಾಡಬೇಕಾಗುತ್ತದೆ.

ಶಾಂತವಾಗಿದ್ದವರು ಇದ್ದಕ್ಕಿದ್ದಂತೆ ಕಿರುಚತೊಡಗಿದರೆ ಕಾಯಿಲೆ ಉಲ್ಬಣಿಸಿತೆಂದು ತೀರ್ಮಾನಿಸಬಾರದು. ಹೇಳಿಕೊಳ್ಳಲಾಗದ ಹಲ್ಲುನೋವು, ಮಲಬದ್ಧತೆ, ಮೂತ್ರದ ಸೋಂಕು ಇರಬಹುದು. ಕನ್ನಡಕ ಅಥವಾ ಶ್ರವಣಯಂತ್ರ ಸರಿಯಿಲ್ಲದಿರಬಹುದು. ಅವರನ್ನು ಸುಮ್ಮನಾಗಿಸಲು ಕೊಡುವ ಮನೋವಿಕಾರ ನಿವಾರಕ ಮಾತ್ರೆಗಳು ಪಾರ್ಶ್ವವಾಯು ಮತ್ತು ಸಾವಿನ ಅಪಾಯವನ್ನು ಹೆಚ್ಚಿಸುತ್ತವೆ. ಸಾವಿನ ಅಪಾಯದ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಕೆ ನೀಡಿದೆ. ಕೈಗೆ ರೂಢಿಯಾದ ಕೆಲಸ ಇಂಥ ಮಾತ್ರೆಗಳಿಗಿಂತ ಎಷ್ಟೋ ಮೇಲು: ಹೂ ಕಟ್ಟುವುದು, ಅವರೆಕಾಯಿ ಸುಲಿಯುವುದು, ಗೊತ್ತಿರುವ ದೇವರನಾಮ ಹಾಡುವುದು. ಗುಂಪಿನಲ್ಲಿ ಕೂತು ಮಾತು, ಆಟ, ಹಾಡುಗಳಲ್ಲಿ ತೊಡಗುವ ಅರಿವು ಉದ್ದೀಪನ ಚಿಕಿತ್ಸೆಯನ್ನು ಬ್ರಿಟನ್ನಿನಲ್ಲಿ 14 ಕೂಟಗಳಲ್ಲಿ ನಡೆಸಿದಾಗ ಅರಿವಿನ ಶಕ್ತಿಯೂ ಬದುಕಿನ ಗುಣಮಟ್ಟವೂ ಸುಧಾರಿಸಿದ್ದು 2003ರ ಅಧ್ಯಯನದಲ್ಲಿ ಕಂಡುಬಂತು.

ಕರ್ನಾಟಕದಲ್ಲಿ ಆರೈಕೆಯ ಹೊರೆ ಬಹುಪಾಲು ಹೆಂಡತಿ, ಮಗಳು, ಸೊಸೆಯರ ಮೇಲಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಪಾಸಣೆ, ಚಿಕಿತ್ಸೆ ದೊರೆಯುತ್ತದೆ. ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಆರೈಕೆ ಕೇಂದ್ರ ನಡೆಸುತ್ತಿದೆ. ಸಣ್ಣ ಊರುಗಳಲ್ಲಿ ಇಂಥ ಆಸರೆ ತೀರಾ ವಿರಳ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ಮುಂದೆ ತಮಗೆ ಎಂಥ ಚಿಕಿತ್ಸೆ ಬೇಕು, ಬೇಡ ಎಂಬುದನ್ನು ಮೊದಲೇ ಬರೆದಿಡಬಹುದು. ತಮ್ಮ ಪರವಾಗಿ ನಿರ್ಧರಿಸುವವರನ್ನೂ ಹೆಸರಿಸಬಹುದು. ನಿರ್ಧರಿಸುವ ಶಕ್ತಿ ಇರುವಾಗಲೇ ಇದನ್ನು ಮಾಡಬೇಕು. ಆದ್ದರಿಂದ ಹಿರಿಯರ ಮರೆವನ್ನು ವಯಸ್ಸಿನ ಅರಳುಮರಳು ಎಂದು ತಳ್ಳಿಹಾಕದೆ ಆರಂಭದಲ್ಲೇ ವೈದ್ಯರಿಗೆ ತೋರಿಸಬೇಕು.