ಹಾನಿ-ವೃದ್ಧಿಯ ಲೆಕ್ಕ: ಬುಕ್ಕರಾಯನ ಶಾಸನ ಮತ್ತು ನಮ್ಮ ದೃಷ್ಟಿ

‘ದರ್ಶನ’ ಎಂಬ ಶಬ್ದವು ನಮ್ಮ ಪರಂಪರೆಯಲ್ಲಿ ಬಹು ಅರ್ಥಗರ್ಭಿತವಾದುದು. ಕಣ್ಣಿನಿಂದ ಕಾಣುವುದು ದರ್ಶನ. ತತ್ತ್ವದಲ್ಲಿ ಶ್ರದ್ಧೆಯನ್ನಿಡುವುದೂ ದರ್ಶನ. ಒಂದು ಮತವು ಲೋಕವನ್ನು ನೋಡುವ ಬಗೆಗೂ ದರ್ಶನವೆಂದೇ ಹೆಸರು. ರತ್ನತ್ರಯದಲ್ಲಿ ಸಮ್ಯಗ್ದರ್ಶನಕ್ಕೆ ಪ್ರಥಮ ಸ್ಥಾನವನ್ನು ಕೊಟ್ಟ ಆಚಾರ್ಯರು, ನೋಟವು ಕೆಟ್ಟರೆ ಜ್ಞಾನವೂ ಚಾರಿತ್ರವೂ ಕೆಡುತ್ತವೆಂಬುದನ್ನು ಬಲ್ಲವರಾಗಿದ್ದರು. ನೋಟವನ್ನು ಕೆಡಿಸುವ ಕಾರಣಗಳನ್ನೂ ಅವರು ಎಣಿಸಿಟ್ಟಿದ್ದಾರೆ. ಸಮಂತಭದ್ರಾಚಾರ್ಯರ ರತ್ನಕರಂಡ ಶ್ರಾವಕಾಚಾರದಲ್ಲಿ ಜ್ಞಾನ, ಪೂಜೆ, ಕುಲ, ಜಾತಿ, ಬಲ, ಐಶ್ವರ್ಯ, ತಪಸ್ಸು, ಶರೀರ ಎಂಬ ಎಂಟು ಮದಗಳ ಗಣನೆಯಿದೆ. ಮನುಷ್ಯನು ತನ್ನನ್ನು ಹಿರಿದಾಗಿ ಕಾಣುವುದೂ, ಅದರಿಂದಲೇ ಅನ್ಯರನ್ನು ಕಿರಿದಾಗಿ ಕಾಣುವುದೂ ಈ ಎಂಟು ಬಾಗಿಲುಗಳಿಂದಲೇ.

ವ್ಯಕ್ತಿಗೆ ಅನ್ವಯಿಸುವ ಈ ಮಾತು ಸಮಾಜಕ್ಕೂ ಅನ್ವಯಿಸುತ್ತದೆ. ಒಂದು ಸಮಾಜವು ತನ್ನನ್ನೂ ನೆರೆಯವರನ್ನೂ ಹೇಗೆ ಕಂಡಿತು, ಆ ನೋಟವು ಕದಡಿದಾಗ ಹೇಗೆ ತಿಳಿಯಾಯಿತು ಎಂಬುದಕ್ಕೆ ಕನ್ನಡನಾಡಿನ ಶಿಲೆಗಳಲ್ಲಿಯೇ ಸಾಕ್ಷ್ಯವುಂಟು. ಅವುಗಳಲ್ಲಿ ಅತಿ ಪ್ರಸಿದ್ಧವಾದುದು ವಿಜಯನಗರದ ಒಂದನೆಯ ಬುಕ್ಕರಾಯನ ಕಾಲದ, ಶಕವರ್ಷ 1290, ಎಂದರೆ ಕ್ರಿ.ಶ. 1368ರ ಶಾಸನ. ಇದರ ಒಂದು ಪ್ರತಿ ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿದೆ. ಇನ್ನೊಂದು ಮಾಗಡಿ ತಾಲ್ಲೂಕಿನ ಕಲ್ಯದಲ್ಲಿದೆ.

ಪ್ರಸಂಗವು ಹೀಗಿದೆ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ಎಡೆಗಳ ಭವ್ಯಜನರು, ಎಂದರೆ ಜೈನ ಶ್ರಾವಕರು, ಶ್ರೀವೈಷ್ಣವ ಭಕ್ತರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಅರಸನಲ್ಲಿ ಬಿನ್ನಹ ಮಾಡಿಕೊಂಡರು. ಅರಸನು ವೈಷ್ಣವರ ಪ್ರಮುಖರನ್ನು ಬರಮಾಡಿಕೊಂಡನು. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರಿಂದ ಮೊದಲುಗೊಂಡು ತಿರುಕುಲ, ಜಾಂಬವಕುಲದವರ ವರೆಗೆ, ಹದಿನೆಂಟು ನಾಡುಗಳ ಶ್ರೀವೈಷ್ಣವರೆಲ್ಲರ ಉಲ್ಲೇಖವೂ ಶಾಸನದಲ್ಲಿದೆ. ಇದು ಗಮನಾರ್ಹ. ಮಠಾಧಿಪತಿಗಳು ಒಪ್ಪಿದ ಮಾತ್ರಕ್ಕೆ ಬೀದಿಯಲ್ಲಿನ ಕಲಹವು ನಿಲ್ಲುವುದಿಲ್ಲವೆಂಬುದನ್ನು ಆ ಕಾಲದವರು ಅರಿತಿದ್ದರು. ಎಲ್ಲರ ಸಮಕ್ಷಮದಲ್ಲಿ ಅರಸನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿ ಕೊಟ್ಟನು. ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲವೆಂದು ವಿಧಿಸಿದನು. ಪಂಚಮಹಾವಾದ್ಯ ಮತ್ತು ಕಲಶಗಳು ಪೂರ್ವಮರ್ಯಾದೆಯಂತೆ ಜೈನ ದರ್ಶನಕ್ಕೆ ಸಲ್ಲತಕ್ಕವೆಂದು ಸ್ಥಿರಪಡಿಸಿದನು.

ಇಲ್ಲಿ ‘ಭೇದವಿಲ್ಲ’ ಎಂಬ ಮಾತಿನ ಅರ್ಥವನ್ನು ವಿಚಾರಿಸಬೇಕು. ಎರಡು ದರ್ಶನಗಳ ತತ್ತ್ವಗಳು ಒಂದೇ ಎಂದು ಅರಸನು ಹೇಳಿದ್ದಾನೆಯೆ? ಹಾಗೆ ಹೇಳಿದ್ದರೆ ಇಬ್ಬರೂ ಒಪ್ಪುತ್ತಿರಲಿಲ್ಲ. ವೈಷ್ಣವನಿಗೆ ಜಗತ್ಕರ್ತನಾದ ನಾರಾಯಣನುಂಟು. ಜೈನನಿಗೆ ಜಗತ್ತು ಅನಾದಿ, ಅದಕ್ಕೆ ಕರ್ತೃವಿಲ್ಲ. ಈ ಅಂತರವನ್ನು ಶಾಸನವು ಮುಟ್ಟುವುದೇ ಇಲ್ಲ. ಅದು ಮುಂದೆ ಹೇಳುವುದು ಬೇರೆಯೇ ಒಂದು ಮಾತು: ಭಕ್ತರಿಂದಾಗಿ ಜೈನ ದರ್ಶನಕ್ಕೆ ಹಾನಿಯಾಗಲಿ ವೃದ್ಧಿಯಾಗಲಿ ಉಂಟಾದರೆ, ಅದು ತಮ್ಮ ದರ್ಶನದ್ದೇ ಹಾನಿ-ವೃದ್ಧಿಯೆಂದು ವೈಷ್ಣವರು ಭಾವಿಸಬೇಕು.

ವರ್ತಕ ವೃತ್ತಿಯಲ್ಲಿ ಬಾಳಿದವರಿಗೆ ಹಾನಿ-ವೃದ್ಧಿ ಎಂಬ ಜೋಡುಪದವು ಸುಪರಿಚಿತ. ಕಿರ್ದಿ ಖಾತೆಗಳಲ್ಲಿ ನಾವು ಬರೆಯುವುದು ನಮ್ಮ ಹಾನಿ, ನಮ್ಮ ವೃದ್ಧಿ ಮಾತ್ರ. ನೆರೆಯ ಅಂಗಡಿಯವನ ನಷ್ಟವು ನಮ್ಮ ಪುಸ್ತಕದಲ್ಲಿ ಏರುವುದಿಲ್ಲ. ಕೆಲವೊಮ್ಮೆ ಅದು ನಮ್ಮ ಲಾಭವೆಂದೂ ತೋರುತ್ತದೆ. ಪಾಲುದಾರಿಕೆಯಲ್ಲಿ ಹೀಗಲ್ಲ. ಅಲ್ಲಿ ಇಬ್ಬರ ಸ್ವಭಾವ, ಮನೆತನ, ಆಚಾರಗಳು ಬೇರೆಯಾಗಿದ್ದರೂ ನಷ್ಟವು ಒಂದೇ ಪುಸ್ತಕಕ್ಕೆ ಬರುತ್ತದೆ. ಬುಕ್ಕರಾಯನ ಅಭೇದವು ಈ ಬಗೆಯದು. ಅನ್ಯರನ್ನು ಕುರಿತ ನಮ್ಮ ಕಲ್ಪನೆಯು ಉಪದೇಶದಿಂದ ಬದಲಾಗುವುದು ದುರ್ಲಭ. ಅವರ ನಷ್ಟವು ನಮ್ಮ ಖಾತೆಗೆ ಬಂದಾಗ ಅದು ತಾನಾಗಿಯೇ ಬದಲಾಗತೊಡಗುತ್ತದೆ.

ಶಾಸನದ ಮುಂದಿನ ಏರ್ಪಾಡು ಇದನ್ನೇ ಕಾರ್ಯರೂಪಕ್ಕೆ ತರುತ್ತದೆ. ರಾಜ್ಯದಲ್ಲೆಲ್ಲ ಜೈನರ ಮನೆಮನೆಗೆ ವರ್ಷಕ್ಕೆ ಒಂದು ಹಣದಂತೆ ಎತ್ತಬೇಕು. ತಿರುಮಲೆಯ ತಾತಯ್ಯನು ಆ ಹಣದಿಂದ ಬೆಳಗೊಳದ ದೇವರ ಅಂಗರಕ್ಷಣೆಗೆ ಇಪ್ಪತ್ತು ಆಳುಗಳನ್ನು ನೇಮಿಸಬೇಕು. ಉಳಿದ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣವನ್ನು ಬಳಿಸಬೇಕು. ಯಾರ ಮೇಲೆ ದೂರಿತ್ತೋ ಅವರ ಕೈಗೇ ರಕ್ಷಣೆಯ ಹೊಣೆ ಬಂದಿತು. ಕಾವಲಿನ ಲೆಕ್ಕವನ್ನು ಒಪ್ಪಿಸಬೇಕಾದ ವೈಷ್ಣವ ಆಚಾರ್ಯನಿಗೆ ಬಸದಿಯು ಪರರ ಗುಡಿಯಾಗಿ ಎಷ್ಟು ಕಾಲ ಕಂಡೀತು? ತಾತಯ್ಯನ ಹೆಸರನ್ನು ನಂಬಿ ಹಣ ಕೊಟ್ಟ ಶ್ರಾವಕನಿಗಾದರೂ ಎಲ್ಲ ವೈಷ್ಣವರೂ ವಿರೋಧಿಗಳೆಂಬ ಭಾವನೆ ಎಷ್ಟು ಕಾಲ ನಿಂತೀತು?

ಆದರೆ ಈ ಶಾಸನವನ್ನು ನಾವು ಪೂರ್ಣವಾಗಿ ಓದಬೇಕು. ಸಭೆಗಳಲ್ಲಿ ಇದನ್ನು ಸ್ಮರಿಸುವಾಗ ಅರಸನ ಔದಾರ್ಯವನ್ನು ಮಾತ್ರ ಕೊಂಡಾಡುವವರುಂಟು. ನಮ್ಮವರಿಗಾದ ಅನ್ಯಾಯವನ್ನು ಮಾತ್ರ ಎತ್ತಿ ಹೇಳುವವರೂ ಉಂಟು. ಕಾವಲಿನ ವೆಚ್ಚವನ್ನು ತೆತ್ತವರು ಜೈನರೇ ಎಂಬುದನ್ನು ಮೊದಲನೆಯವರು ಮರೆಯುತ್ತಾರೆ. ಕಲ್ಲೇಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿಯು ಬುಕ್ಕರಾಯನಿಗೆ ಬಿನ್ನಹ ಮಾಡಿ, ತಾತಯ್ಯನನ್ನು ಬರಮಾಡಿಸಿ ಶಾಸನವನ್ನು ಜೀರ್ಣೋದ್ಧಾರ ಮಾಡಿಸಿದನೆಂಬುದನ್ನೂ, ಉಭಯ ಸಮಯಗಳವರೂ ಕೂಡಿ ಆತನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದರೆಂಬುದನ್ನೂ ಎರಡನೆಯವರು ಮರೆಯುತ್ತಾರೆ. ಒಬ್ಬ ಜೈನ ಸೆಟ್ಟಿಗೆ ವೈಷ್ಣವರೂ ಸೇರಿ ಪಟ್ಟ ಕಟ್ಟಿದರೆಂಬುದು ಸಾಮಾನ್ಯ ಸಂಗತಿಯಲ್ಲ. ಅನ್ಯಾಯವೂ ಸತ್ಯ, ಪಟ್ಟವೂ ಸತ್ಯ. ಒಂದನ್ನೇ ಹಿಡಿದು ಇನ್ನೊಂದನ್ನು ಬಿಡುವುದು ಏಕಾಂತ. ಸ್ಯಾದ್ವಾದದ ವಾರಸುದಾರರಿಗೆ ಅದು ಒಪ್ಪುವುದಿಲ್ಲ.

ಇಂತಹ ಒಪ್ಪಂದಗಳೆಲ್ಲ ಸಮತೂಕದವಾಗಿದ್ದುವೆಂದು ಭ್ರಮಿಸಬೇಕಾಗಿಯೂ ಇಲ್ಲ. 1638ರಲ್ಲಿ ಹಳೇಬೀಡಿನ ವಿಜಯ ಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಹುಚ್ಚಪ್ಪದೇವನೆಂಬುವನು ಲಿಂಗಮುದ್ರೆಯನ್ನೊತ್ತಿದನು. ವಿಜಯಪ್ಪನೆಂಬುವನು ಅದನ್ನು ಅಳಿಸಿದನು. ಒಬ್ಬನಿಗೆ ಭಕ್ತಿಯಾಗಿ ಕಂಡುದು ಇನ್ನೊಬ್ಬನಿಗೆ ಅತಿಕ್ರಮಣವಾಗಿ ಕಂಡಿತು. ಅಳಿಸಿದ್ದು ಒಬ್ಬನಿಗೆ ಶುದ್ಧಿ, ಇನ್ನೊಬ್ಬನಿಗೆ ಅಪಚಾರ. ಕಡೆಗೆ ಉಭಯ ಪಕ್ಷಗಳ ಹಿರಿಯರು ಕೂಡಿ ತೀರ್ಮಾನಿಸಿದರು. ಜೈನರು ಮೊದಲು ವಿಭೂತಿ-ವೀಳ್ಯಗಳನ್ನು ಸಲ್ಲಿಸಿ ಬಳಿಕ ತಮ್ಮ ಪದ್ಧತಿಯಂತೆ ಪೂಜೆಯನ್ನು ನಡೆಸತಕ್ಕದ್ದು. ಜಿನಧರ್ಮಕ್ಕೆ ಅಡ್ಡಿ ಮಾಡಿದ ವೀರಶೈವನು ಶಿವದ್ರೋಹಿಯಾಗತಕ್ಕದ್ದು. ಜೈನರು ಇಲ್ಲಿ ಬಾಗಬೇಕಾಯಿತೆಂಬುದು ಸ್ಪಷ್ಟ. ಆದರೂ ಎದುರು ಪಕ್ಷದವರು ಜಿನಧರ್ಮದ ರಕ್ಷಣೆಯನ್ನು ತಮ್ಮ ಶಿವಭಕ್ತಿಯ ಒಳಗೇ ತಂದುಕೊಂಡರೆಂಬುದನ್ನು ಮನಗಾಣಬೇಕು. ಹಾನಿ-ವೃದ್ಧಿಯ ಲೆಕ್ಕವೇ ಇಲ್ಲಿ ಇನ್ನೊಂದು ರೂಪದಲ್ಲಿ ಬಂದಿದೆ.

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಜೈನರ ಸಂಖ್ಯೆ ಸುಮಾರು 4.4 ಲಕ್ಷ. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಜೈನರನ್ನು ಅಲ್ಪಸಂಖ್ಯಾತರೆಂದು ಅಧಿಸೂಚಿಸಿತು. ಸಂಖ್ಯೆಯಲ್ಲಿ ಅಲ್ಪರಾದವರು ತಮ್ಮನ್ನು ಕಾಣುವಾಗ ಎರಡು ದೋಷಗಳಿಗೆ ಗುರಿಯಾಗುತ್ತಾರೆ. ಹಿಂದಿನ ವೈಭವವನ್ನು ನೆನೆದು ಕುಲಮದಕ್ಕೆ ಸಲ್ಲುವುದು ಒಂದು. ಹಿಂದಿನ ನೋವನ್ನು ನೆನೆದು ನೆರೆಯವರೆಲ್ಲರನ್ನೂ ಶಂಕಿಸುವುದು ಇನ್ನೊಂದು. ಮನೆಯಲ್ಲಿ ಹಿರಿಯರು ಹೇಳುವ ಕಥೆಗಳಿಂದಲೂ ಬಸದಿಗಳ ಗೋಡೆಯ ಫಲಕಗಳಿಂದಲೂ ಮಕ್ಕಳು ತಮ್ಮ ಸಮಾಜದ ಚಿತ್ರವನ್ನು ಮನಸ್ಸಿನಲ್ಲಿ ರೂಪಿಸಿಕೊಳ್ಳುತ್ತಾರೆ. ಆದುದರಿಂದ ಬಸದಿಗಳ ಆಡಳಿತ ಮಂಡಲಿಗಳು ತಮ್ಮಲ್ಲಿರುವ ಶಾಸನಗಳ ಪೂರ್ಣ ಸಾರಾಂಶವನ್ನು, ಹಿತವಾದ ಸಾಲನ್ನೂ ಅಹಿತವಾದ ಸಾಲನ್ನೂ ಬಿಡದೆ, ಸರಳ ಕನ್ನಡದಲ್ಲಿ ಬರೆಯಿಸಿ ಇರಿಸುವುದು ಉಚಿತ. ಹಿರಿಯರು ನೆರೆಯವರ ತಪ್ಪನ್ನು ಹೇಳುವಾಗ ಅವರ ಉಪಕಾರವನ್ನೂ ಹೇಳಬೇಕು. ಜಮೆಯನ್ನು ಬಿಟ್ಟು ಖರ್ಚನ್ನು ಮಾತ್ರ ಬರೆದ ಕಿರ್ದಿಯನ್ನು ಯಾವ ಸೆಟ್ಟಿಯೂ ಒಪ್ಪನು. ಅಂತಹ ಕಿರ್ದಿಯನ್ನು ನಮ್ಮ ಮಕ್ಕಳ ಕೈಗೆ ನಾವೂ ಕೊಡದಿರೋಣ.