ದಿನಚರಿ: ಬರೆದದ್ದು, ಬಿಟ್ಟದ್ದು

ಕಳೆದ ಬೇಸಿಗೆಯ ರಜೆಯಲ್ಲಿ ಮೊಮ್ಮಗಳು ಊರಿಗೆ ಬಂದಿದ್ದಳು. ಅಟ್ಟ ಗುಡಿಸುವ ನೆಪದಲ್ಲಿ ಮೇಲೆ ಹತ್ತಿದವಳು ನನ್ನ ಹಳೆಯ ತಗಡಿನ ಟ್ರಂಕನ್ನು ತೆರೆದಳು. ಅದರಲ್ಲಿ ನನ್ನ ದಿನಚರಿಯ ಪುಸ್ತಕಗಳಿದ್ದವು. 1971ರ ಜೂನ್ ತಿಂಗಳಲ್ಲಿ ಮಲೆನಾಡಿನ ಒಂದು ಪ್ರೌಢಶಾಲೆಗೆ ಚರಿತ್ರೆಯ ಉಪಾಧ್ಯಾಯನಾಗಿ ಸೇರಿದ ದಿನ ಬರೆಯಲಾರಂಭಿಸಿ, ನಿವೃತ್ತನಾದ ಮೇಲೂ ಬಿಡದೆ ನಡೆಸಿಕೊಂಡು ಬಂದ ಬರೆವಣಿಗೆ ಅದು. ವರ್ಷಕ್ಕೊಂದರಂತೆ ನಲವತ್ತಕ್ಕೂ ಮಿಕ್ಕ ಪುಸ್ತಕಗಳು. ಅವುಗಳ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ.

"ಅಜ್ಜ, ಅಜ್ಜಿ ಮಿಡಿ ಉಪ್ಪಿನಕಾಯಿ ಹಾಕುತ್ತಿದ್ದ ಕ್ರಮ ಇದರಲ್ಲಿ ಎಲ್ಲಾದರೂ ಇದೆಯಾ?" ಎಂದು ಅವಳು ಕೇಳಿದಳು. ನನ್ನ ಮನೆಯಾಕೆ ತೀರಿಕೊಂಡದ್ದು 2017ರಲ್ಲಿ. ಅವಳ ಕೈಯ ಉಪ್ಪಿನಕಾಯಿಯ ಕೊನೆಯ ಭರಣಿ ಬರಿದಾಗಿಯೂ ವರ್ಷಗಳಾದವು. "ಹುಡುಕು, ಇರಬಹುದು" ಎಂದೆ. ಹುಡುಗಿ ಎರಡು ದಿನ ಕುಳಿತು ಪುಟ ಮಗುಚಿದಳು. ಮೂರನೆಯ ದಿನ ಬಂದು, "ಅಜ್ಜ, ಉಪ್ಪಿನಕಾಯಿ ಹಾಗಿರಲಿ, ಇದರಲ್ಲಿ ಅಜ್ಜಿಯೇ ಇಲ್ಲವಲ್ಲ!" ಎಂದಳು.

ಮುನಿಸಿನಿಂದ ಆಡಿದ ಮಾತಲ್ಲ. ಕಂಡದ್ದನ್ನು ಹೇಳಿದಳು, ಅಷ್ಟೆ. ಆದರೆ ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಚರಿತ್ರೆ ಹೇಳಿದವನಿಗೆ ಆ ಮಾತು ಆಳವಾಗಿ ನಾಟಿತು. ಅಂದಿನಿಂದ ದಿನಚರಿಯೆಂದರೇನು, ಅದರಲ್ಲಿ ಏನು ಉಳಿಯುತ್ತದೆ, ಏನು ಜಾರಿಹೋಗುತ್ತದೆ ಎಂಬುದನ್ನು ಕುರಿತು ಚಿಂತಿಸುತ್ತಿದ್ದೇನೆ. ಆ ಚಿಂತನೆಯನ್ನು ಇಲ್ಲಿ ಓದುಗರ ಮುಂದಿಡುತ್ತೇನೆ.

ದಿನಚರಿಕಾರರ ಮಾತು ಬಂದಾಗ ಮೊದಲು ನೆನಪಾಗುವವನು ಇಂಗ್ಲೆಂಡಿನ ಸ್ಯಾಮ್ಯುಯೆಲ್ ಪೀಪ್ಸ್. ನೌಕಾಪಡೆಯ ಕಚೇರಿಯ ಅಧಿಕಾರಿ. 1660ರ ಜನವರಿ 1ರಂದು ಬರೆಯಲಾರಂಭಿಸಿ 1669ರ ಮೇ 31ರಂದು ನಿಲ್ಲಿಸಿದ. ಲಂಡನ್ನಿನ 1665ರ ಮಹಾಮಾರಿ, 1666ರ ಸೆಪ್ಟೆಂಬರಿನ ಮಹಾ ಅಗ್ನಿ ಎರಡನ್ನೂ ಕಣ್ಣಾರೆ ಕಂಡು ಬರೆದವನು. ನನ್ನ ತರಗತಿಯ ಮಕ್ಕಳಿಗೆ ಬಹಳ ಹಿಡಿಸುತ್ತಿದ್ದ ಸಂಗತಿಯೆಂದರೆ, ಊರಿಗೆ ಊರೇ ಉರಿಯುತ್ತಿರುವಾಗ ಈ ಮಹಾಶಯ ನೆಲದಲ್ಲಿ ಗುಂಡಿ ತೋಡಿಸಿ ತನ್ನ ದ್ರಾಕ್ಷಾರಸವನ್ನೂ ಪಾರ್ಮೆಸಾನ್ ಗಿಣ್ಣನ್ನೂ ಹೂತಿಟ್ಟದ್ದು. ಸುಟ್ಟುಹೋದ ಮನೆಗಳೆಷ್ಟು, ಚರ್ಚುಗಳೆಷ್ಟು ಎಂಬ ಲೆಕ್ಕ ಎಷ್ಟು ಸಲ ಹೇಳಿದರೂ ಮಕ್ಕಳಿಗೆ ಮರೆತುಹೋಗುತ್ತಿತ್ತು. ಗಿಣ್ಣು ಮಾತ್ರ ಮರೆಯುತ್ತಿರಲಿಲ್ಲ. ಮನೆ ಬಿಟ್ಟು ಓಡುವವನ ಗಾಬರಿ ಏನೆಂಬುದು ಆ ಗಿಣ್ಣಿನಿಂದ ಅವರಿಗೆ ತಿಳಿಯುತ್ತಿತ್ತು.

ಪೀಪ್ಸ್ ಬರೆದದ್ದು ಶೀಘ್ರಲಿಪಿಯಲ್ಲಿ. ಅವನ ಗ್ರಂಥಭಂಡಾರ ಕೇಂಬ್ರಿಜ್‌ನ ಮ್ಯಾಗ್ಡಲೀನ್ ಕಾಲೇಜಿಗೆ ಸೇರಿತು. ಅಲ್ಲಿ ಆ ಆರು ಸಂಪುಟಗಳು ಓದುವವರಿಲ್ಲದೆ ಬಹುಕಾಲ ಕುಳಿತಿದ್ದವು. ಜಾನ್ ಸ್ಮಿತ್ ಎಂಬ ವಿದ್ಯಾರ್ಥಿ 1819ರಿಂದ ಮೂರು ವರ್ಷ ಒದ್ದಾಡಿ ಆ ಲಿಪಿಯನ್ನು ಬಿಡಿಸಿದ. ಆ ಲಿಪಿಯ ಕೈಪಿಡಿ ಅದೇ ಗ್ರಂಥಭಂಡಾರದಲ್ಲಿತ್ತೆಂಬುದು ಪಾಪ, ಅವನಿಗೆ ತಿಳಿದಿರಲಿಲ್ಲ! 1825ರಲ್ಲಿ ದಿನಚರಿಯ ಆಯ್ದ ಭಾಗಗಳು ಮೊದಲ ಬಾರಿಗೆ ಅಚ್ಚಾದವು.

ನಮ್ಮ ನೆರೆಯಲ್ಲಿಯೇ ಇನ್ನೊಬ್ಬ ಮಹಾ ದಿನಚರಿಕಾರನಿದ್ದ. ಆತ ಪುದುಚೇರಿಯ ಆನಂದರಂಗ ಪಿಳ್ಳೆ. ಫ್ರೆಂಚ್ ಗವರ್ನರ್ ಡೂಪ್ಲೆಯ ದುಭಾಷಿ, ದೊಡ್ಡ ವ್ಯಾಪಾರಿ. 1736ರ ಸೆಪ್ಟೆಂಬರಿನಿಂದ 1761ರ ಜನವರಿಯವರೆಗೆ ತಮಿಳಿನಲ್ಲಿ ಬರೆದ. ಅವನು ತೀರಿಕೊಂಡದ್ದೂ ಪುದುಚೇರಿ ಇಂಗ್ಲಿಷರ ವಶವಾದದ್ದೂ ಅದೇ ತಿಂಗಳು. ಡೂಪ್ಲೆ ಮತ್ತು ಕ್ಲೈವರ ಕಾಲದ ಕರ್ನಾಟಿಕ್ ಯುದ್ಧಗಳನ್ನು ನಾವು ಶಾಲೆಯಲ್ಲಿ ಇಸವಿಗಳ ಪಟ್ಟಿಯಾಗಿ ಕಲಿಸುತ್ತೇವೆ. ಪಿಳ್ಳೆಯ ಪುಟಗಳಲ್ಲಿ ಆ ಯುದ್ಧಗಳ ಜೊತೆಗೆ ಹಡಗು ಬಂದ ಸುದ್ದಿ, ಬಟ್ಟೆಯ ವ್ಯಾಪಾರ, ಮದುವೆ, ಶಕುನ, ಪೇಟೆಯ ಗಾಳಿಮಾತು, ಗವರ್ನರನ ಹೆಂಡತಿಯ ಮೇಲಿನ ಅವನ ಸಿಟ್ಟು ಎಲ್ಲವೂ ಇವೆ. ವಸಾಹತಿನ ಕಚೇರಿಗಳ ಕಾಗದಪತ್ರಗಳೆಲ್ಲ ಬಿಳಿಯರವು. ಅವರ ಎದುರು ಕೈಕಟ್ಟಿ ನಿಂತ ಭಾರತೀಯನೊಬ್ಬ ಸಂಜೆ ಮನೆಗೆ ಬಂದು ಏನನ್ನು ಯೋಚಿಸಿದ ಎಂಬುದು ಈ ದಿನಚರಿಯಲ್ಲಿ ಮಾತ್ರ ಸಿಗುತ್ತದೆ. ಇದೂ 1846ರವರೆಗೆ ಹೊರಗಿನವರ ಕಣ್ಣಿಗೆ ಬೀಳದೆ ಇತ್ತು. 1904ರಿಂದ 1928ರವರೆಗೆ ಹನ್ನೆರಡು ಸಂಪುಟಗಳಲ್ಲಿ ಇಂಗ್ಲಿಷ್ ಅನುವಾದವಾಗಿ ಪ್ರಕಟವಾಯಿತು.

ನಮ್ಮ ಕನ್ನಡನಾಡಿನಲ್ಲಿ ನಿತ್ಯದ ಲೆಕ್ಕ ಬರೆದಿಡಲು ಕಡತವಿತ್ತು. ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು. ಅಂಗಡಿಯವರು, ಶಾನುಭೋಗರು, ಮಠಗಳವರು ಇಟ್ಟ ಇಂಥ ಲೆಕ್ಕಗಳಿಂದ ನಮ್ಮ ನಾಡಿನ ಚರಿತ್ರೆಗೆ ಬಹಳ ಸಂಗತಿಗಳು ದೊರೆತಿವೆ. ಶೃಂಗೇರಿ ಮಠದ ಕಡತಗಳು ಇದಕ್ಕೆ ಪ್ರಸಿದ್ಧ ನಿದರ್ಶನ. ಆದರೆ ಬಳಪದ ಬರೆಹವನ್ನು ಅಳಿಸುವುದು ಸುಲಭ. ಅಳಿಸಿ, ಮತ್ತೆ ಮಸಿ ಬಳಿದು, ಹೊಸ ಲೆಕ್ಕ ಬರೆಯಬಹುದು. ಹೀಗೆ ಅಳಿದುಹೋದ ದಿನಗಳು ಎಷ್ಟೋ!

ಇಷ್ಟಾದರೂ ಮೇಲೆ ಹೇಳಿದವರೆಲ್ಲ ಅಧಿಕಾರದ ಹತ್ತಿರ ಇದ್ದವರೇ. ಮೊಮ್ಮಗಳ ಮಾತು ಕೇಳಿದ ರಾತ್ರಿ ನನಗೆ ನೆನಪಾದವಳು ಬೇರೆಯೇ ಒಬ್ಬಳು. ಅಮೆರಿಕದ ಮೇಯ್ನ್ ಸೀಮೆಯ ಕೆನೆಬೆಕ್ ನದಿಯ ದಡದಲ್ಲಿದ್ದ ಹಾಲೊವೆಲ್ ಎಂಬ ಊರಿನ ಸೂಲಗಿತ್ತಿ, ಮಾರ್ಥಾ ಬಲ್ಲಾರ್ಡ್. ಹುಟ್ಟಿದ್ದು 1735ರಲ್ಲಿ. ಗಂಡ ಭೂಮಾಪಕ, ಗಿರಣಿಯನ್ನೂ ನಡೆಸುತ್ತಿದ್ದ. ಹೆತ್ತ ಒಂಬತ್ತು ಮಕ್ಕಳಲ್ಲಿ ಮೂವರನ್ನು 1769ರ ಗಂಟಲಮಾರಿಯಲ್ಲಿ ಕಳೆದುಕೊಂಡವಳು. ಐವತ್ತು ತುಂಬುವ ಹೊತ್ತಿಗೆ, 1785ರ ಜನವರಿ 1ರಿಂದ, ಕೈಯಲ್ಲೇ ಮಾಡಿಕೊಂಡ ಪುಟ್ಟ ಪುಸ್ತಕಗಳಲ್ಲಿ ಗರಿಯ ಲೇಖನಿಯಿಂದ ಬರೆಯತೊಡಗಿದಳು. 1812ರ ಮೇ ತಿಂಗಳವರೆಗೆ, ಎಂದರೆ ಇಪ್ಪತ್ತೇಳು ವರ್ಷಗಳ ಕಾಲ, ಹೆಚ್ಚುಕಡಿಮೆ ಹತ್ತು ಸಾವಿರ ದಿನಗಳನ್ನು ಬರೆದಿಟ್ಟಳು.

ಅವಳು ಬರೆದದ್ದಾದರೂ ಏನನ್ನು? ಇವತ್ತು ಮೋಡ. ಇಂಥವರ ಮನೆಗೆ ಕರೆ ಬಂತು. ಹೆಣ್ಣುಮಗು. ನೇಯ್ಗೆಗೆ ನೆರೆಯ ಹುಡುಗಿ ಬಂದಿದ್ದಳು. ತೋಟದಲ್ಲಿ ಬೀಜ ಬಿತ್ತಿದೆ. ಬಂದ ಕೂಲಿ ಇಷ್ಟು. ಇಂಥ ತುಣುಕುಗಳೇ ಎಲ್ಲ. ಅವಳ ಬರೆವಣಿಗೆಯ ಮೂಲ ಎರಡು: ಒಂದು ಅಂಗಡಿಯವರ ದಿನವಹಿ, ಇನ್ನೊಂದು ಪಂಚಾಂಗ. ಆ ಕಾಲದಲ್ಲಿ ಜನ ಪಂಚಾಂಗದ ಹಾಳೆಗಳ ನಡುವೆ ಖಾಲಿ ಕಾಗದ ಸೇರಿಸಿ ಮಳೆ, ಬೆಳೆ, ಬಂದವರು ಹೋದವರು ಇತ್ಯಾದಿಗಳನ್ನು ಗುರುತು ಹಾಕಿಕೊಳ್ಳುತ್ತಿದ್ದರು. 

ಅವಳ ಊರಿನ ಚರಿತ್ರೆ ಬರೆದ ಹತ್ತೊಂಬತ್ತನೆಯ ಶತಮಾನದ ಪಂಡಿತರು ಈ ದಿನಚರಿಯನ್ನು ನೋಡಿದ್ದರು. ಕೆಲವು ಭಾಗಗಳನ್ನು ಎತ್ತಿಕೊಂಡರು, ಉಳಿದದ್ದು ಸಾಮಾನ್ಯ ಓದುಗರಿಗೆ ಬೇಡದ್ದೆಂದು ಕೈಬಿಟ್ಟರು. ದಿನಚರಿಯನ್ನು ಕಾಪಾಡಿದ್ದು ವಂಶದ ಹೆಣ್ಣುಮಕ್ಕಳು. ಕೊನೆಗೆ ಅದು ಮಾರ್ಥಾಳ ಮರಿಮೊಮ್ಮಗಳ ಮಗಳಾದ ಮೇರಿ ಹೋಬಾರ್ಟ್ ಎಂಬ ವೈದ್ಯೆಯ ಕೈಸೇರಿತು. ಆಕೆ 1930ರಲ್ಲಿ ಅದನ್ನು ಮೇಯ್ನ್ ರಾಜ್ಯದ ಗ್ರಂಥಾಲಯಕ್ಕೆ ಒಪ್ಪಿಸಿದಳು.

ಅಲ್ಲಿಯೂ ಹಲವು ವರ್ಷ ಕಳೆದ ಮೇಲೆ ಲಾರೆಲ್ ಥ್ಯಾಚರ್ ಉಲ್ರಿಚ್ ಎಂಬ ಚರಿತ್ರೆಯ ವಿದುಷಿ ಅದನ್ನು ಕೈಗೆತ್ತಿಕೊಂಡರು. ಬೇರೆಯವರು ಬಿಟ್ಟುದನ್ನೇ ಅವರು ಎಣಿಸಿದರು. ಯಾರ ಮನೆಗೆ ಯಾವಾಗ ಹೋದಳು, ಯಾವ ಹುಡುಗಿ ಯಾರ ಮಗ್ಗದಲ್ಲಿ ಕುಳಿತಳು, ಯಾರು ಯಾರಿಗೆ ಏನು ಕೊಟ್ಟು ಏನು ಪಡೆದರು ಎಂದು ಒಂದೊಂದನ್ನೂ ಪಟ್ಟಿ ಮಾಡಿದರು. ಆಗ ಗಂಡಸರ ಲೆಕ್ಕದ ಪುಸ್ತಕಗಳಲ್ಲಿ ಎಲ್ಲಿಯೂ ಕಾಣದ ಒಂದು ಲೋಕ ಹೊರಬಂತು. ಹೆಂಗಸರೇ ನಡೆಸುತ್ತಿದ್ದ ಕೊಡುಕೊಳ್ಳುವಿಕೆ, ದುಡಿಮೆ, ಶುಶ್ರೂಷೆಗಳ ಲೋಕ. ಆ ದಿನಚರಿಯಲ್ಲಿ 816 ಹೆರಿಗೆಗಳ ಉಲ್ಲೇಖವಿದೆ. ಹೆರಿಗೆಯ ಹೊತ್ತಿನಲ್ಲಿ ಅವಳ ಕೈಯಲ್ಲಿ ಒಬ್ಬ ತಾಯಿಯೂ ಸಾಯಲಿಲ್ಲವೆಂಬುದು ಗಮನಾರ್ಹ. ಉಲ್ರಿಚ್ ಅವರ ಗ್ರಂಥ 1990ರಲ್ಲಿ ಹೊರಬಂದು, ಮರುವರ್ಷ ಚರಿತ್ರೆಯ ವಿಭಾಗದಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆಯಿತು. ಕ್ಷುಲ್ಲಕವೆಂದು ಬದಿಗಿಟ್ಟದ್ದರಲ್ಲಿಯೇ ಚರಿತ್ರೆ ಇತ್ತು.

ಇನ್ನು ನನ್ನ ದಿನಚರಿಯ ಕಡೆಗೆ ಬರುತ್ತೇನೆ. 1975ರ ಜೂನ್ 26, ತುರ್ತುಪರಿಸ್ಥಿತಿಯ ಸುದ್ದಿ ದೇಶಕ್ಕೆ ತಿಳಿದ ದಿನ. ಚರಿತ್ರೆಯ ಮೇಷ್ಟ್ರು ಅಂದು ಬರೆದದ್ದು ಇಷ್ಟು: "ಬಿಡದೆ ಮಳೆ. ಎಂಟನೆಯ ತರಗತಿಯ ಸೂರು ಸೋರಿತು. ಮಕ್ಕಳನ್ನು ಜಗಲಿಯಲ್ಲಿ ಕೂರಿಸಿ ಪಾಠ." ಬಹಳ ಕಾಲ ಈ ಪುಟ ಕಂಡಾಗಲೆಲ್ಲ ನಾಚಿಕೆಯಾಗುತ್ತಿತ್ತು. ಮಾರ್ಥಾಳ ಕಥೆ ತಿಳಿದ ಮೇಲೆ ಆ ನಾಚಿಕೆ ಹೋಯಿತು. ತುರ್ತುಪರಿಸ್ಥಿತಿಯನ್ನು ಬರೆದವರು ಸಾವಿರಾರು ಮಂದಿ. ಆ ಶಾಲೆಯ ಸೂರು ಸೋರಿದ್ದನ್ನು ಬರೆದವನು ನಾನೊಬ್ಬನೇ. ನಿತ್ಯದ ಸಣ್ಣ ಸಂಗತಿಗಳನ್ನು ಬರೆದಿಟ್ಟಿದ್ದೇನೆ ಎಂದು ಸಮಾಧಾನಪಟ್ಟುಕೊಂಡಿದ್ದೆ.

ಮೊಮ್ಮಗಳು ತೆಗೆದುಹಾಕಿದ್ದು ಆ ಸಮಾಧಾನವನ್ನೇ. ಶಾಲೆಯ ಸೂರು ನನ್ನ ದಿನಚರಿಯಲ್ಲಿದೆ, ನನ್ನ ಮನೆಯ ಒಲೆ ಇಲ್ಲ. ಅತಿಥಿಗಳು ಬಂದು ಉಂಡದ್ದಿದೆ, ಬಡಿಸಿದವಳಿಲ್ಲ. "ಮನೆಯವಳಿಗೆ ಜ್ವರ", "ಮನೆಯವಳು ತವರಿಗೆ", "ಮನೆಯವಳ ಜೊತೆ ಸಂತೆಗೆ" ಇಂಥ ಎರಡು ಮೂರು ಪದಗಳ ಸಾಲುಗಳಲ್ಲಿ ಅವಳ ನಲವತ್ತು ವರ್ಷಗಳು ಮುಗಿದಿವೆ. ಅವಳ ಹೆಸರನ್ನು ಒಂದು ಕಡೆಯೂ ಬರೆದಿಲ್ಲ. ಅವಳು ತೀರಿಕೊಂಡ ಮೇಲಂತೂ ಆರು ತಿಂಗಳು ಪುಟಗಳೇ ಖಾಲಿ. ಪೀಪ್ಸ್ ದೃಷ್ಟಿ ಹೋಗುತ್ತದೆಂಬ ಭಯದಿಂದ ದಿನಚರಿ ನಿಲ್ಲಿಸಿದ ಅದೇ ವರ್ಷದ ನವೆಂಬರಿನಲ್ಲಿ ಅವನ ಹೆಂಡತಿ ಎಲಿಜಬೆತ್ ತೀರಿಕೊಂಡಳು. ಅವನ ಕಣ್ಣು ಹೋಗಲಿಲ್ಲ, ಇನ್ನೂ ಮೂವತ್ತಮೂರು ವರ್ಷ ಬದುಕಿದ. ಆ ದಿನಚರಿಯನ್ನು ಮತ್ತೆ ಮುಂದುವರಿಸಲಿಲ್ಲ. ಅದಕ್ಕೆ ಕಾರಣವನ್ನು ಹುಡುಕುವಷ್ಟು ಪಂಡಿತ ನಾನಲ್ಲ. ನನ್ನ ಆರು ತಿಂಗಳ ಕಾರಣ ನನಗೆ ಗೊತ್ತು.

ಇಷ್ಟರಲ್ಲಿ ಮೊಮ್ಮಗಳು ಇನ್ನೊಂದನ್ನು ಗಮನಿಸಿದಳು. ನನ್ನ ದಿನಚರಿಗಳಿಗೆಲ್ಲ ರಟ್ಟು ಹಾಕುತ್ತಿದ್ದವಳು ನನ್ನ ಮನೆಯಾಕೆ. ವರ್ಷ ಮುಗಿದ ಗೋಡೆಯ ಕ್ಯಾಲೆಂಡರಿನ ಹಾಳೆಗಳನ್ನೇ ಅದಕ್ಕೆ ಬಳಸುತ್ತಿದ್ದಳು, ಅಂಕಿಗಳ ಮಗ್ಗುಲು ಒಳಕ್ಕೆ. ಒಂದು ರಟ್ಟು ಹರಿದು ಬಿಚ್ಚಿಕೊಂಡಿತ್ತು. ಒಳಗೆ ದಿನಾಂಕಗಳ ಚೌಕದಲ್ಲಿ ಪೆನ್ಸಿಲಿನ ಸಣ್ಣ ಅಕ್ಷರಗಳು. "ಹಾಲು 1/2 ಹೆಚ್ಚು." "ಗ್ಯಾಸ್ ಬಂತು." "ಅತ್ತೆ ಔಷಧ ಮುಗಿಯಿತು." "ಅಕ್ಕನಿಗೆ ಕಾಗದ." ನಾವು ಇನ್ನಷ್ಟು ರಟ್ಟುಗಳನ್ನು ಮೆಲ್ಲಗೆ ಬಿಚ್ಚಿದೆವು. 1986ರ ಏಪ್ರಿಲ್ ಹಾಳೆಯಲ್ಲಿ ಹೀಗಿತ್ತು: "ಅಪ್ಪೆಮಿಡಿ 600, ಉಪ್ಪು 2 ಸೇರು." ಹದಿನೈದು ದಿನದ ಮುಂದೆ ಇನ್ನೊಂದು ಚೌಕದಲ್ಲಿ: "ಮಿಡಿ ಚಿರುಟಿತು. ಸಾಸಿವೆ ಅರೆಯಬೇಕು."

ಮಾರ್ಥಾ ಬಲ್ಲಾರ್ಡಳಂತೆ ಇವಳೂ ಪಂಚಾಂಗದ ಮಗ್ಗುಲಲ್ಲೇ ತನ್ನ ದಿನಗಳನ್ನು ಗುರುತಿಸಿಕೊಂಡಿದ್ದಳು. ವರ್ಷ ಮುಗಿದೊಡನೆ ಅದನ್ನು ನನ್ನ ಬರೆವಣಿಗೆಗೆ ಹೊದಿಕೆಯಾಗಿ ಹಾಕಿಬಿಡುತ್ತಿದ್ದಳು. ನಾನು ಅದನ್ನು ಒಮ್ಮೆಯೂ ಒಳಗೆ ತೆರೆದು ನೋಡಿದವನಲ್ಲ. ಉಳಿದ ತಿಂಗಳುಗಳ ಹಾಳೆಗಳು ಮಕ್ಕಳ ಶಾಲೆಯ ಪುಸ್ತಕಗಳಿಗೂ ಅಡುಗೆಮನೆಯ ಡಬ್ಬಿಗಳ ಅಡಿಗೂ ಹೋಗಿ ಎಂದೋ ಹಾಳಾದವು. ನಮಗೆ ಸಿಕ್ಕಿದ್ದು ಮೂವತ್ತೊಂದು ತಿಂಗಳು ಮಾತ್ರ.

ಮೊಮ್ಮಗಳು ಅವನ್ನು ಇಸವಿಯ ಪ್ರಕಾರ ಜೋಡಿಸಿದ್ದಾಳೆ. ಪೆನ್ಸಿಲು ಮಾಸಿದ ಕಡೆ ಅವಳು ಕೇಳುತ್ತಾಳೆ, ನಾನು ನೆನಪಿದ್ದಷ್ಟನ್ನು ಹೇಳುತ್ತೇನೆ, ಅವಳು ಬರೆದುಕೊಳ್ಳುತ್ತಾಳೆ. "ಅಕ್ಕನಿಗೆ ಕಾಗದ" ಏಕೆ ಬರೆದಳೆಂದು ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ಹುಳು ಹಿಡಿಯದಂತೆ ಟ್ರಂಕಿನಲ್ಲಿ ಬಜೆಯ ತುಂಡುಗಳನ್ನು ಹಾಕಿದ್ದೇವೆ. ಮೊದಲ ಹಾಳೆಯ ಮೇಲೆ ನನ್ನ ಕೈಯಿಂದಲೇ ಅವಳ ಪೂರ್ಣ ಹೆಸರನ್ನು ಬರೆದಿದ್ದೇನೆ.

ಓದುಗ ಮಿತ್ರರೇ, ನಿಮ್ಮ ಮನೆಯಲ್ಲಿಯೂ ಹಾಲಿನ ಲೆಕ್ಕದ ಚೀಟಿ, ಸಾಮಾನಿನ ಪಟ್ಟಿ, ಅಂಚಿನಲ್ಲಿ ಏನೋ ಗೀಚಿದ ಹಳೆಯ ಪಂಚಾಂಗ ಇರಬಹುದು. ರದ್ದಿಯವನಿಗೆ ಹಾಕುವ ಮೊದಲು ಒಮ್ಮೆ ಮಗುಚಿ ನೋಡಿ. ಬರೆದವರು ಇನ್ನೂ ಮನೆಯಲ್ಲಿದ್ದರೆ, ಪಕ್ಕದಲ್ಲಿ ಕುಳಿತು, ಇದೇನೆಂದು ಕೇಳಿ. ನಾನು ಕೇಳಲಿಲ್ಲ.

ಈ ಸಲದ ಮಿಡಿ ಉಪ್ಪಿನಲ್ಲಿದೆ. 600 ಅಲ್ಲ, ನೂರು. ಲೆಕ್ಕ ಅವಳದೇ.