ಕೂಳೆ ಗದ್ದೆಯ ಓಟದ ಕಣ



ತೊಣ್ಣೂರಿನ ಇತಿಹಾಸವೆಂದರೆ ರಾಮಾನುಜಾಚಾರ್ಯರು, ಹೊಯ್ಸಳ ವಿಷ್ಣುವರ್ಧನ, ನಂಬಿನಾರಾಯಣನ ದೇವಾಲಯ ಮತ್ತು ಗುಡ್ಡಗಳ ನಡುವೆ ಏರಿ ಕಟ್ಟಿ ನಿಲ್ಲಿಸಿದ ಆ ದೊಡ್ಡ ಕೆರೆ ನೆನಪಿಗೆ ಬರುತ್ತವೆ. 1771ರಲ್ಲಿ ಚಿನಕುರಳಿಯ ಬಳಿ ಹೈದರಾಲಿಯು ಮರಾಠರಿಗೆ ಸೋತ ಪ್ರಸಂಗವನ್ನೂ ನಾನು ತರಗತಿಯಲ್ಲಿ ಸೇರಿಸಿ ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಆದರೆ ಇದೇ ಸೀಮೆಯಲ್ಲಿ ಪ್ರತಿವರ್ಷ ಹುಟ್ಟಿ, ಎರಡು ತಿಂಗಳಲ್ಲಿ ಅಳಿದುಹೋಗುತ್ತಿದ್ದ ಇನ್ನೊಂದು ಸ್ಥಳವಿತ್ತು. ಅದಕ್ಕೆ ಶಾಸನವಿಲ್ಲ, ಭೂದಾಖಲೆಯಲ್ಲಿ ಸರ್ವೆ ನಂಬರೂ ಇಲ್ಲ. ಅದು ಎತ್ತಿನ ಗಾಡಿಗಳ ಓಟದ ಕಣ.

ಭತ್ತದ ಕೊಯ್ಲು ಮುಗಿದು, ಸಂಕ್ರಾಂತಿಯಂದು ದನಗಳಿಗೆ ಕಿಚ್ಚು ಹಾಯಿಸಿದ ಮೇಲೆ ಗದ್ದೆಯ ಬಯಲು ಒಣಗಿ ಬಿರಿಯುತ್ತಿತ್ತು. 1970ರ ದಶಕದಲ್ಲಿ, ನಾನಿನ್ನೂ ಪ್ರೌಢಶಾಲೆಯ ವಿದ್ಯಾರ್ಥಿಯಾಗಿದ್ದಾಗ, ಊರಿನ ಹಿರಿಯರು ಒಂದು ಬೆಳಿಗ್ಗೆ ಗುದ್ದಲಿ ಹಿಡಿದು ಆ ಬಯಲಿಗೆ ಇಳಿಯುತ್ತಿದ್ದರು. ಸಾಲಾಗಿರುವ ಗದ್ದೆಗಳ ಬದುಗಳನ್ನು ಕಡಿದು, ಕೂಳೆಯನ್ನು ಕೆತ್ತಿ, ಹಲಗೆ ಹೊಡೆದು ಮಟ್ಟ ಮಾಡಿದರೆ ನೇರವಾದ ಎರಡು ದಾರಿಗಳು ಸಿದ್ಧವಾಗುತ್ತಿದ್ದವು. ಒಂದೊಂದರಲ್ಲಿ ಒಂದು ಗಾಡಿ. ಗೆದ್ದದ್ದು ಮುಂದಿನ ಜೋಡಿಯೊಡನೆ ಮತ್ತೆ ಓಡಬೇಕು, ಸೋತದ್ದು ನೊಗ ಇಳಿಸಿ ನೆರಳಿಗೆ ಹೋಗಬೇಕು. ಕಣದ ಕೊನೆಯಲ್ಲಿ ಮಣ್ಣನ್ನು ಆಳವಾಗಿ ಉತ್ತು ಸಡಿಲ ಬಿಟ್ಟಿರುತ್ತಿದ್ದರು. ಓಡಿಬಂದ ಎತ್ತುಗಳ ವೇಗ ಅಲ್ಲಿ ತಾನಾಗಿ ಕುಗ್ಗುತ್ತಿತ್ತು. ಕಬ್ಬಿಣದ ಹಳಿ ಬಿಗಿದ ಮರದ ಚಕ್ರಗಳ ಗಡಗಡ ಸದ್ದು, ಕೀಲೆಣ್ಣೆಯ ವಾಸನೆ, ಮೊಣಕಾಲೆತ್ತರದ ಕೆಂಧೂಳು. ಗದ್ದೆಯ ಒಡೆಯರಿಗೆ ಬಾಡಿಗೆಯೆಂಬುದು ಇರಲಿಲ್ಲ. ಬದು ಮತ್ತೆ ಕಟ್ಟಿಕೊಡುವ ಮಾತು ಮಾತ್ರ ಇರುತ್ತಿತ್ತು, ಅದು ಕೆಲವೊಮ್ಮೆ ಜಗಳಕ್ಕೂ ಕಾರಣವಾಗುತ್ತಿತ್ತು!

ಓಡುತ್ತಿದ್ದವು ಬಹುಪಾಲು ಹಳ್ಳಿಕಾರ್ ಎತ್ತುಗಳು. ಬೂದು ಮೈ, ಹಿಂದಕ್ಕೆ ಬಾಗಿ ಚೂಪಾದ ಕೊಂಬು, ಗಟ್ಟಿ ಗೊರಸು. ಇದೇ ರಕ್ತಸಂಬಂಧದ ಅಮೃತಮಹಲ್ ತಳಿಯು ಮೈಸೂರು ಅರಸರ ಸೈನ್ಯದ ಆಸ್ತಿಯಾಗಿತ್ತು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯನ್ನೇ ಟಿಪ್ಪು ಸುಲ್ತಾನನು ‘ಅಮೃತಮಹಲ್’ ಎಂದು ಕರೆದನು. ಫಿರಂಗಿ ಎಳೆಯಲು ಬೆಳೆಸಿದ ವೇಗ ಅದು. ಮುಂದೆ 2000ನೆಯ ಇಸವಿಯಲ್ಲಿ ಅಂಚೆ ಇಲಾಖೆಯು ಹಳ್ಳಿಕಾರ್ ತಳಿಯ ಚಿತ್ರವಿರುವ ಅಂಚೆಚೀಟಿಯನ್ನೂ ಹೊರತಂದಿತು. ಬೇಬಿ ಬೆಟ್ಟದ ಹಾಗೂ ಹೇಮಗಿರಿಯ ದನಗಳ ಜಾತ್ರೆಗಳಲ್ಲಿ ಕೊಳ್ಳುವವರು ಹಲ್ಲು, ಸುಳಿ ನೋಡಿದ ಮೇಲೆ ಕೇಳುತ್ತಿದ್ದ ಮುಂದಿನ ಪ್ರಶ್ನೆಯೇ ನಡಿಗೆಯದು. ಕಣದಲ್ಲಿ ಗೆದ್ದ ಜೋಡಿಗೆ ಜಾತ್ರೆಯಲ್ಲಿ ಬೆಲೆ ಏರುತ್ತಿತ್ತು. ಆದ್ದರಿಂದ ಇದು ಬರಿಯ ಮೋಜಾಗಿರಲಿಲ್ಲ, ರೈತನು ತನ್ನ ಬಂಡವಾಳವನ್ನು ಹತ್ತು ಜನರೆದುರು ಪರೀಕ್ಷೆಗೊಡ್ಡುವ ಬಗೆಯಾಗಿತ್ತು.

ಪ್ರಾಣಿಗಳು ಓಡಿದ ನೆಲದಲ್ಲಿಯೇ ಯಂತ್ರಗಳೂ ಮೊದಲು ಓಡಿದ್ದು ಎಂಬುದನ್ನು ಇಲ್ಲಿ ಹೇಳಬೇಕು. ಅಮೆರಿಕದ ಮಿಲ್ವಾಕಿ ನಗರದಲ್ಲಿ ಕುದುರೆಗಳಿಗೆಂದು ಮಾಡಿದ್ದ ಮಣ್ಣಿನ ಕಣದಲ್ಲಿ 1903ರಲ್ಲಿ ಮೋಟಾರು ಕಾರುಗಳ ಪಂದ್ಯ ನಡೆಯಿತು. ಆ ಮಣ್ಣಿಗೆ ಡಾಂಬರು ಬಿದ್ದದ್ದು 1954ರಲ್ಲಿ. ಅಲ್ಲಿ ಕುದುರೆ ಹೋಗಿ ಕಾರು ಬಂತು, ಕಣ ಉಳಿಯಿತು. ನಮ್ಮಲ್ಲಿ ಎತ್ತಿನ ಜಾಗಕ್ಕೆ ಯಂತ್ರ ಬಂತು, ಕಣವೇ ಹೋಯಿತು.

ಹೋದದ್ದು ಹೇಗೆ? ನ್ಯಾಯಾಲಯದ ತೀರ್ಪಿನಿಂದ ಎಂದು ಬಹಳ ಮಂದಿ ಹೇಳುವುದನ್ನು ಕೇಳಿದ್ದೇನೆ. ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟಗಳನ್ನು ನಿಷೇಧಿಸಿದ್ದು 2014ರ ಮೇ 7ರಂದು. ನಾನು ಬಲ್ಲ ಬಯಲುಗಳಲ್ಲಿ ಅದಕ್ಕೆ ಬಹಳ ಮೊದಲೇ ಗುದ್ದಲಿ ಇಳಿಯುವುದು ನಿಂತಿತ್ತು. ಕಾರಣ ಕಬ್ಬು. ಭತ್ತದ ಗದ್ದೆ ಬೇಸಿಗೆಯಲ್ಲಿ ಖಾಲಿ ಬೀಳುತ್ತದೆ. ಕಬ್ಬು ವರ್ಷವಿಡೀ ನೆಲವನ್ನು ಹಿಡಿದಿರುತ್ತದೆ, ಕಡಿದ ಮೇಲೆ ಕೂಳೆಯಿಂದ ಮತ್ತೆ ಬೆಳೆಯುತ್ತದೆ. ವಿಶ್ವೇಶ್ವರಯ್ಯ ನಾಲೆಯ ನೀರು, ಮಂಡ್ಯದ ಕಾರ್ಖಾನೆ, ಆಮೇಲೆ ಪಾಂಡವಪುರದ ಸಹಕಾರಿ ಕಾರ್ಖಾನೆ ಇವೆಲ್ಲ ಕೂಡಿ ರೈತನ ಕೈಗೆ ಹಣ ತಂದವು. ಒಂದು ಕಾಲಕ್ಕೆ ಆ ಕಬ್ಬನ್ನು ಹೊತ್ತವೂ ಎತ್ತಿನ ಗಾಡಿಗಳೇ. ಕ್ರಮೇಣ ಟ್ರ್ಯಾಕ್ಟರು ಬಂದು ಉಳುಮೆ, ಸಾಗಾಣಿಕೆ ಎರಡನ್ನೂ ವಹಿಸಿಕೊಂಡಿತು. ದುಡಿಯುವ ಎತ್ತಿಲ್ಲದ ಮನೆಯಲ್ಲಿ ಓಡುವ ಎತ್ತು ಎಲ್ಲಿಂದ ಬರಬೇಕು?

ಹಾಗೆಂದು ನಾನು ಕಣವನ್ನು ಹಾಡಿ ಹೊಗಳಲಾರೆ. ಬಾರುಕೋಲಿನ ತುದಿಗೆ ಮೊಳೆ ಕಟ್ಟಿದವರನ್ನು, ಬಾಲವನ್ನು ತಿರುಚಿ ಹಲ್ಲಿನಿಂದ ಕಚ್ಚಿದವರನ್ನು ಕಣ್ಣಾರೆ ಕಂಡಿದ್ದೇನೆ. ಮನೆಯಲ್ಲಿ ಮೈ ತಿಕ್ಕಿ ಹುರುಳಿ ತಿನ್ನಿಸುವ ಕೈಯೇ ಕಣದಲ್ಲಿ ಹಾಗೆ ಮಾಡುತ್ತಿತ್ತು. ಬೆಟ್ಟಿನ ಹಣವೂ ಹಿಂದೆ ಇರುತ್ತಿತ್ತು. ಒಳ್ಳೆಯ ಜೋಡಿ ಕಟ್ಟುವ ಶಕ್ತಿ ಊರಿನಲ್ಲಿ ಕೆಲವರಿಗೆ ಮಾತ್ರ. ಕೂಲಿಯವರು ಕಣ ಕೆತ್ತಿ, ಬದುವಿನ ಮೇಲೆ ನಿಂತು ನೋಡುತ್ತಿದ್ದರು. ಹೆಂಗಸರು ಅಷ್ಟು ಹತ್ತಿರಕ್ಕೂ ಬರುತ್ತಿರಲಿಲ್ಲ.

ಕಂಬಳ ಮತ್ತು ಗಾಡಿ ಓಟಕ್ಕೆ ಅವಕಾಶ ನೀಡಲು ಕರ್ನಾಟಕವು 2017ರಲ್ಲಿ ಕಾಯಿದೆಗೆ ತಿದ್ದುಪಡಿ ತಂದಿತು. ಷರತ್ತುಗಳೊಡನೆ ನಡೆಸಬಹುದೆಂಬ ಆ ತಿದ್ದುಪಡಿಯನ್ನು 2023ರ ಮೇ 18ರಂದು ಸರ್ವೋಚ್ಚ ನ್ಯಾಯಾಲಯದ ಐವರ ಪೀಠ ಎತ್ತಿಹಿಡಿಯಿತು. ಮಂಡ್ಯ ಜಿಲ್ಲೆಯಲ್ಲಿ ಓಟಗಳು ಈಗ ನಡೆಯುತ್ತವೆ. ಕಣವನ್ನು ಜೆಸಿಬಿ ಯಂತ್ರ ಮಟ್ಟ ಮಾಡುತ್ತದೆ, ಗಾಡಿ ಹಗುರವಾಗಿದೆ, ಎತ್ತುಗಳು ವಾಹನದಲ್ಲಿ ನಿಂತು ಬರುತ್ತವೆ. ಅವುಗಳಲ್ಲಿ ಅನೇಕವು ನೇಗಿಲನ್ನು ಕಂಡಿಲ್ಲ. ಹಳ್ಳಿಕಾರ್ ತಳಿಯನ್ನು ಸಾಕಲು ಕೆಲವು ಯುವಕರಿಗಾದರೂ ಇದು ಕಾರಣವಾಗಿದೆ ಎಂಬುದನ್ನು ಒಪ್ಪುತ್ತೇನೆ. ಮೊಳೆಯಿಲ್ಲದೆ ಓಡಿಸಲಿ ಎಂಬುದಷ್ಟೇ ನನ್ನ ತಕರಾರು.

ನಿಮ್ಮಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಹಳೆಯ ಗಾಡಿಯ ಕಡಾಣಿಯೋ, ಗೆದ್ದ ಜೋಡಿಯ ಭಾವಚಿತ್ರವೋ ಇದ್ದರೆ, ಅದು ಯಾವ ಬಯಲಿನದೆಂದು ಹಿರಿಯರನ್ನು ಕೇಳಿ, ನನಗೂ ಬರೆದು ತಿಳಿಸಿ.